ಬೇಕರಿಯ ಬೆಕ್ಕು

ಮೂರು ಅಡಿ ಇಳಿದ ಮೇಲೆ ಮಿಕೆಸ್ ಗುದ್ದಲಿಯನ್ನು ಬದಿಗಿಟ್ಟು ಕೈಯಿಂದಲೇ ಮಣ್ಣು ಸರಿಸತೊಡಗಿದ. ನಲವತ್ತು ವರ್ಷಗಳಿಂದ ಆ ದ್ವೀಪದ ಗೋರಿಗಳನ್ನು ತೋಡಿದವನೂ ತೆರೆದವನೂ ಅವನೇ. ಮೂಳೆ ಎಷ್ಟು ಆಳದಲ್ಲಿ ಸಿಗುತ್ತದೆಂಬುದು ಅವನ ಬೆರಳುಗಳಿಗೆ ಗೊತ್ತಿತ್ತು. ಆ ಬೆರಳುಗಳು ತಟ್ಟನೆ ನಿಂತವು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಮೇಲೆ ನಿಂತಿದ್ದ ವಿಧವೆಯ ಮುಖ ನೋಡದೆ ಹೇಳಿದ:

"ಅರ್ಗಿರೋ ಅಕ್ಕ, ಒಂಚೂರು ಆ ಕಡೆ ಹೋಗಿ ನಿಂತ್ಕೊಳ್ಳಿ."

"ಯಾಕೆ?"

"ಹೋಗಿ ಅಂದ್ನಲ್ಲ."

ಅರ್ಗಿರೋ ಹೋಗಲಿಲ್ಲ. ಅವಳ ಕಂಕುಳಲ್ಲಿ ಬಿಳಿಯ ಬಟ್ಟೆಯ ಗಂಟು, ಕೈಯಲ್ಲಿ ದ್ರಾಕ್ಷಾರಸದ ಸೀಸೆ, ಕಾಲ ಬಳಿ ಗಂಡ ಇಸಿದೋರೊಸನ ಹೆಸರು ಬರೆಸಿದ ತಗಡಿನ ಪೆಟ್ಟಿಗೆ. ಸತ್ತು ಮೂರು ವರ್ಷವಾದ ಮೇಲೆ ಮೂಳೆಗಳನ್ನು ಎತ್ತಿ, ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು, ಆ ಮಣ್ಣನ್ನು ಮುಂದಿನವರಿಗೆ ಬಿಟ್ಟುಕೊಡುವುದು ಊರಿನ ಪದ್ಧತಿ. ಅಪ್ಪನ ಮೂಳೆಗಳನ್ನೂ ಅಮ್ಮನ ಮೂಳೆಗಳನ್ನೂ ಅವಳೇ ತೊಳೆದಿದ್ದಳು. ಮೇಣದ ಬಣ್ಣಕ್ಕೆ ತಿರುಗಿದ, ಹಗುರವಾದ ಮೂಳೆಗಳು. ಹೆದರುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಅವಳು ಬಗ್ಗಿ ನೋಡಿದಳು. ಗುಂಡಿಯಲ್ಲಿ ಗಂಡನ ಎಡಗೈ ಕಾಣಿಸಿತು. ಮೂಳೆಯಲ್ಲ, ಕೈ. ಉಂಗುರ ಬೆರಳನ್ನು ಬಿಗಿಯಾಗಿಯೇ ಹಿಡಿದುಕೊಂಡಿತ್ತು.

ಸೀಸೆ ಅವಳ ಹಿಡಿತದಿಂದ ಜಾರಿ ಕಲ್ಲಿನ ಮೇಲೆ ಒಡೆಯಿತು.

ಪಾದ್ರಿ ಸಿಡೆರಿಸ್ ಬಂದು, ನೋಡಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಮಿಕೆಸ್ ಸಮಜಾಯಿಷಿ ಕೊಡುವವನಂತೆ ಹೇಳಿದ: "ಜೇಡಿಮಣ್ಣು ಸ್ವಾಮಿ. ಈ ಸಾಲಲ್ಲಿ ನೀರು ನಿಲ್ಲುತ್ತೆ."

"ಇದೇ ಸಾಲಲ್ಲಿ ನಮ್ಮಪ್ಪ ಇದ್ರು," ಎಂದಳು ಅರ್ಗಿರೋ. "ಕರಗಿದ್ರು."

ಯಾರದೋ ಮನಸ್ಸಿನಲ್ಲಿ ಕ್ಷಮೆ ಸಿಗದೆ ಉಳಿದವನನ್ನು ಮಣ್ಣು ಒಪ್ಪಿಕೊಳ್ಳುವುದಿಲ್ಲ ಎಂಬ ಮಾತನ್ನು ಆ ಊರಿನಲ್ಲಿ ಕೇಳದೆ ಬೆಳೆದವರು ಯಾರೂ ಇರಲಿಲ್ಲ.

"ಸೂರ್ಯ ಮುಳುಗೋದ್ರೊಳಗೆ ಮುಚ್ಚಬೇಕು," ಎಂದರು ಪಾದ್ರಿ. "ಕ್ಷಮೆಯ ಪ್ರಾರ್ಥನೆ ನಾನು ಓದ್ತೀನಿ. ಉಪ್ಪು ಕೇಳ್ಕೊಂಡು ಬರೋದು ನಿನ್ನ ಕೆಲಸ."

"ಅವರು ಯಾರಿಗೂ ಅನ್ಯಾಯ ಮಾಡ್ದೋರಲ್ಲ. ಒಂದು ರೊಟ್ಟೀನೂ ತೂಕದಲ್ಲಿ ಕಮ್ಮಿ ಕೊಟ್ಟೋರಲ್ಲ."

"ಹಾಗಿದ್ರೆ ಬೇಗ ಮುಗಿಯುತ್ತೆ. ಆದ್ರೆ ಒಂದು ಮಾತು ನೆನಪಿಟ್ಕೊ, ತಾಯಿ. ಯಾವ ತಪ್ಪಿಗೆ ಅಂತ ತಿಳೀದೆ ಹಾಕಿದ ಉಪ್ಪು ಬರೀ ಅಡುಗೆ ಉಪ್ಪು. ತಪ್ಪು ಮೊದಲು ಬಾಯಲ್ಲಿ ಬರಬೇಕು. ಆಮೇಲೆ ಉಪ್ಪು."

ಅವಳು ಮನೆಗೆ ಹೋಗಿ ಮಣ್ಣಿನ ಬೋಗುಣಿಯಲ್ಲಿ ನೀರು ತುಂಬಿಕೊಂಡು ಹೊರಟಳು. ನೊಂದವರು ಆ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, 'ಈ ಉಪ್ಪು ಕರಗಿದ ಹಾಗೆ ನನ್ನ ಮಾತೂ ಕರಗಲಿ' ಎನ್ನಬೇಕು. ಆ ನೀರನ್ನು ಗೋರಿಯ ಮೇಲೆ ಸುರಿಯಬೇಕು. ಊರಿನ ಅಂಗಡಿಗಳೆಲ್ಲ ಒಂದೇ ಬೀದಿಯಲ್ಲಿದ್ದವು, ಬೆಟ್ಟದಿಂದ ಬಂದರಿನವರೆಗೆ ಇಳಿಯುವ ಮೆಟ್ಟಿಲು ಬೀದಿ. ಒಂದೊಂದು ಅಂಗಡಿ ಒಂದೊಂದು ಮನೆತನದ್ದು. ಮುಂದೆ ವ್ಯಾಪಾರ, ಹಿಂದೆ ಸಂಸಾರ. ಬಾಗಿಲುಗಳು ಒಟ್ಟು ಹದಿಮೂರು. ಅತಿ ಮೇಲಿನದು ಅವಳದೇ ಬೇಕರಿ. ಅತಿ ಕೆಳಗಿನದು ಅವಳ ತಂಗಿ ಸೆವಾಸ್ತಿಯ ದಾರ-ಉಣ್ಣೆಯ ಅಂಗಡಿ. ಅಲ್ಲಿಗೆ ಹೋಗುವ ಪ್ರಸಂಗವಿಲ್ಲವೆಂದು ಅರ್ಗಿರೋ ಹೊರಡುವಾಗಲೇ ತೀರ್ಮಾನಿಸಿದ್ದಳು. ಅಕ್ಕತಂಗಿಯರು ಮಾತು ಬಿಟ್ಟು ಇಪ್ಪತ್ತೊಂಬತ್ತು ವರ್ಷವಾಗಿತ್ತು.

ಮೊದಲು ಸಿಕ್ಕಿದ್ದು ಚಮ್ಮಾರ ಸಾವಾಸನ ಅಂಗಡಿ. ಅವನು ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ; ಅಳಿಯ ಹೊಲಿಯುತ್ತಿದ್ದ.

"ಇಸಿದೋರೊಸ್ ಮೇಲೆ ನಂಗೇನು ಸಿಟ್ಟಮ್ಮ? ನನ್ನ ಹೊಲಿಗೇನ ಕತ್ತೆ ಹೊಲಿಗೆ ಅಂದಿದ್ದ ಒಂದ್ಸಲ. ನಿಜಾನೇ ಅಂದಿದ್ದ." ಅವನು ಉಪ್ಪು ಹಾಕಿ ಮಾತು ಹೇಳಿದ. ಆಮೇಲೆ ನಾಲಗೆ ತುದಿಗೆ ಬಂದದ್ದನ್ನು ತಡೆಯಲಾರದೆ, "ಮತ್ತೆ... ಬೆಕ್ಕಿನ ಲೆಕ್ಕಕ್ಕೂ ಸೇರಿಸೇ ಹಾಕಿದೀನಿ," ಎಂದ.

ಅಳಿಯ ತಲೆ ತಗ್ಗಿಸಿ ನಕ್ಕ.

ಈ ಬೆಕ್ಕಿನ ಮಾತು ಅರ್ಗಿರೋಗೆ ಹೊಸದಲ್ಲ. ಎಷ್ಟೋ ವರ್ಷ ಊರಿನವರು ಭಾನುವಾರ ಚರ್ಚಿನಿಂದ ಬರುತ್ತಾ, 'ನಿಮ್ಮ ಬೇಕರಿ ಬೆಕ್ಕು ಚೆನ್ನಾಗಿದೆಯಾ? ದಪ್ಪ ಆಗಿದೆಯಾ?' ಎಂದು ಕೇಳುತ್ತಿದ್ದರು. ಅವಳು ಬೆಕ್ಕು ಸಾಕಿದವಳೇ ಅಲ್ಲ. ಕೆಲಸವಿಲ್ಲದವರ ಹಾಸ್ಯವೆಂದು ಅವಳು ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಇಂದು ಮಾತ್ರ ಅದು ಚುಚ್ಚಿತು. ಹೆಣದ ವಿಷಯ ಹೇಳಲು ಬಂದವಳ ಎದುರಿಗೆ ಯಾರಾದರೂ ಹಾಸ್ಯ ಮಾಡುತ್ತಾರೆಯೇ?

ನಡುವಿನ ಐದು ಅಂಗಡಿಗಳಲ್ಲಿ ಉಪ್ಪು ಸಲೀಸಾಗಿ ಬಿತ್ತು. ಆದರೆ ಪ್ರತಿಯೊಬ್ಬರೂ ಹಾಕುವ ಮುನ್ನ ಒಂದು ಕ್ಷಣ ತಡೆದರು. ಏನನ್ನೋ ನೆನೆದವರಂತೆ ಅವಳ ಮುಖ ನೋಡಿದರು. ಎಂಟನೆಯ ಬಾಗಿಲು ಹಾಲು ಒಡೆಸಿ ಗಿಣ್ಣು ಮಾಡುವ ಅಂಗಡಿ. ಪೆಲಾಗಿಯಾ ಮುದುಕಿ ಹೊಸ್ತಿಲಲ್ಲಿ ಕುಳಿತು ಗಿಣ್ಣಿನ ಬುಟ್ಟಿಗಳನ್ನು ಬೋರಲು ಹಾಕುತ್ತಿದ್ದಳು. ಒಳಗೆ ಇಬ್ಬರು ಸೊಸೆಯರು ಹಾಲಿನ ಕೊಪ್ಪರಿಗೆ ಕಲಕುತ್ತಿದ್ದರು.

"ಬಾರೇ, ಬೆಕ್ಕಿನ ಯಜಮಾನಿ," ಎಂದಳು ಪೆಲಾಗಿಯಾ. "ಸುದ್ದಿ ಬಂತು. ನೀನು ಬರ್ತೀಯ ಅಂತ ಕಾಯ್ತಾನೇ ಇದ್ದೆ."

"ನೀವೂ ಶುರು ಮಾಡಿದ್ರಾ ಪೆಲಾಗಿಯಾ ಅತ್ತೆ? ಇವತ್ತಾದ್ರೂ ಬಿಡಬಾರ್ದಾ?"

"ಇವತ್ತು ಬಿಟ್ರೆ ಇನ್ನು ಯಾವತ್ತು? ನಿನ್ನ ಗಂಡ ಕಳ್ಳ ಕಣೇ."

ಒಳಗೆ ಕಲಕುವ ಸದ್ದು ನಿಂತಿತು.

"ಊರಿಗೆಲ್ಲಾ ಇದ್ದದ್ದೇ ನಿಮ್ಮ ಒಲೆ; ಭಾನುವಾರ ಮಾಂಸದ ತಟ್ಟೆ ಅಲ್ಲಿ ಬೇಯೋಕೆ ಕೊಟ್ಟು ಚರ್ಚಿಗೆ ಹೋಗ್ತಿದ್ವಿ, ಅಲ್ವಾ? ನೀನೂ ಬರ್ತಿದ್ದೆ. ಒಲೆ ಹತ್ರ ಅವನೊಬ್ಬನೇ. ನಮ್ಮನೇಲಿ ಆರು ಜನ. ಆರೇ ತುಂಡು ಇಡ್ತಿದ್ದೆ, ಏಳನೇದಕ್ಕೆ ಗತಿ ಇರ್ಲಿಲ್ಲ. ವಾಪಸು ಬರ್ತಿದ್ದದ್ದು ಐದು. ಆ ಆರನೇದು ಯಾರದ್ದು ಅನ್ಕೊಂಡೆ? ಮಕ್ಕಳಿಗೆ ತಪ್ಪಿಸೋಕಾಗುತ್ತಾ? ಹನ್ನೆರಡು ವರ್ಷ ನಾನು ಭಾನುವಾರ ಬರೀ ಆಲೂಗಡ್ಡೆ ತಿಂದಿದೀನಿ."

"ಸುಳ್ಳು!"

"ಸುಳ್ಳಾದ್ರೆ ಮಣ್ಣು ಯಾಕೆ ಅವನನ್ನ ಉಗುಳ್ತು?"

ಅರ್ಗಿರೋ ಗೋಡೆಗೆ ಬೆನ್ನು ಕೊಟ್ಟಳು. ಬೋಗುಣಿಯ ನೀರು ತುಳುಕಿ ಅವಳ ಕರಿಯ ಲಂಗ ನೆನೆಯಿತು. ಲೆಕ್ಕ ತಾನಾಗಿಯೇ ಅವಳ ತಲೆಯಲ್ಲಿ ನಡೆಯಿತು; ಬೇಡವೆಂದರೂ ನಿಲ್ಲಲಿಲ್ಲ. ಮಾಂಸ ಮುಟ್ಟದ ಉಪವಾಸದ ವಾರಗಳನ್ನು ಕಳೆದರೆ ವರ್ಷಕ್ಕೆ ಮೂವತ್ತೆಂಟು ಭಾನುವಾರ. ಹನ್ನೆರಡು ವರ್ಷಕ್ಕೆ ನಾನೂರ ಐವತ್ತಾರು. ಮಾಂಸದ ತಟ್ಟೆ ತರುವ ಮನೆಗಳು ಆಗ ಐದು. ತಟ್ಟೆಗೆ ಒಂದು ತುಂಡೆಂದರೂ ಎರಡು ಸಾವಿರದ ಇನ್ನೂರ ಎಂಬತ್ತು. ಒಂದು ರೊಟ್ಟಿಯನ್ನೂ ತೂಕದಲ್ಲಿ ಕಡಿಮೆ ಕೊಡದ ಮನುಷ್ಯ!

"ನಮ್ಮನೇಗೆ ಬರ್ಲಿಲ್ಲ," ಎಂದಳು. "ಒಂದು ತುಂಡೂ ಬರ್ಲಿಲ್ಲ. ಇದ್ದದ್ದು ನಾವಿಬ್ಬರೇ. ಎಲ್ಲಿಗೆ ಹೋಯ್ತು?"

ಪೆಲಾಗಿಯಾ ಅವಳನ್ನು ಬಹಳ ಹೊತ್ತು ನೋಡಿದಳು. ಮುದುಕಿಯ ಮುಖದ ಬಿಗುವು ನಿಧಾನವಾಗಿ ಬೇರೆ ಏನೋ ಆಯಿತು. "ಅಯ್ಯೋ ದೇವರೇ, ಇವಳಿಗೆ ನಿಜವಾಗ್ಲೂ ಗೊತ್ತಿಲ್ಲ ಕಣ್ರೇ," ಎಂದು ಸೊಸೆಯರ ಕಡೆ ತಿರುಗಿ ಹೇಳಿದಳು. ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. "ಕೊಡು ಇಲ್ಲಿ. ಹಾಕ್ತೀನಿ. ನನಗಿಂತ ಹಸಿದೋರ ಬಾಯಿಗೆ ಹೋಯ್ತು ಅಂತ ಆಮೇಲೆ ತಿಳೀತು. ಆದ್ರೂ ನನ್ನ ತುಂಡು ನನ್ನದೇ. ಅದನ್ನ ಹೇಳ್ದೆ ಹಾಕಿದ್ರೆ ನನ್ನ ಉಪ್ಪು ಕರಗಲ್ಲ."

"ಯಾರ ಬಾಯಿಗೆ?"

"ಯಾಕುಮಿಸ್‌ನ ಕೇಳು. ಅವರಪ್ಪ ಕಣ್ಣಾರೆ ಕಂಡಿದ್ದ."

ಯಾಕುಮಿಸ್‌ನ ಕಾಫಿ ಅಂಗಡಿ ಎರಡು ಮೆಟ್ಟಿಲು ಕೆಳಗೆ. ಅಜ್ಜನ ಕಾಲದಿಂದ ನಡೆದು ಬಂದದ್ದು. ಅರ್ಗಿರೋ ಒಳಗೆ ಕಾಲಿಟ್ಟೊಡನೆ ಇಸ್ಪೀಟೆಲೆ ಆಡುತ್ತಿದ್ದ ನಾಲ್ವರು ಎಲೆಗಳನ್ನು ಬೋರಲಿಟ್ಟರು. ಯಾಕುಮಿಸ್ ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ನಿಮ್ಮಪ್ಪ ಏನು ಕಂಡ್ರು? ಅದನ್ನ ಹೇಳು."

"ಈಗ್ಯಾಕೆ ಅಕ್ಕ ಅದೆಲ್ಲಾ? ಕೊಡಿ, ಉಪ್ಪು ಹಾಕ್ತೀನಿ."

"ಹೇಳಿದ ಮೇಲೆ ಹಾಕು."

ಯಾಕುಮಿಸ್ ತನ್ನ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ನಮ್ಮಮ್ಮ ಒಂಬತ್ತು ತುಂಡು ಇಟ್ಟು ಕಳಿಸಿದ್ಲು. ಬಂದದ್ದು ಎಂಟು. ಮುಂದಿನ ವಾರಾನೂ ಎಂಟು. ಅಪ್ಪನಿಗೆ ಸಿಟ್ಟು ಬಂತು. ಚರ್ಚಿಗೆ ಅಂತ ಹೊರಟೋನು ಅರ್ಧ ದಾರೀಲಿ ತಿರುಗಿ ನಿಮ್ಮ ಬೇಕರಿಗೆ ನುಗ್ಗಿದ. ಇಸಿದೋರೊಸ್ ಮಾವ ತಟ್ಟೆಗಳನ್ನೆಲ್ಲಾ ಹೊರಗಿಟ್ಕೊಂಡು, ಒಂದೊಂದರಿಂದ ಒಂದೊಂದು ತುಂಡು ಎತ್ತಿ ನೀಲಿ ಅಂಚಿನ ತಟ್ಟೇಗೆ ಹಾಕ್ತಿದ್ರಂತೆ. ಬರೀ ಆಲೂಗಡ್ಡೆ ಇದ್ದ ತಟ್ಟೆ ಅದು." ಅವನು ದನಿ ತಗ್ಗಿಸಿದ. "ಸೆವಾಸ್ತಿದು."

ಯಾಕುಮಿಸ್ ಕಟ್ಟೆ ಒರೆಸುತ್ತಾ ಮುಂದುವರಿಸಿದ.

"ಅಪ್ಪ ಕಾಲರ್ ಹಿಡಿದ್ನಂತೆ. ಮಾವ ಹೇಳಿದ್ರಂತೆ: 'ನಮ್ಮನೇದು ಒಂದು ತುಣುಕೂ ಕೊಡಲ್ಲ ಅಂತ ಹೆಂಡತಿ ಮುಂದೆ ಆಣೆ ಇಟ್ಟಿದೀನಿ. ನಿಮ್ಮನೇದಕ್ಕೆ ಆಣೆ ಇಟ್ಟಿಲ್ಲ.' ಅಪ್ಪ ಕೈ ಬಿಟ್ಟು ವಾಪಸು ಬಂದ. 'ಏನಾಯ್ತು?' ಅಂತ ಅಮ್ಮ ಕೇಳಿದ್ರೆ, 'ಬೇಕರೀಲಿ ಒಂದು ಬೆಕ್ಕಿದೆ, ಅದು ತಿಂತು' ಅಂದ. ಅವತ್ತಿಂದ ಅಮ್ಮ ಹತ್ತು ತುಂಡು ಇಡೋಕೆ ಶುರು ಮಾಡಿದ್ಲು. ಆಗದೋರು ಇಡ್ಲಿಲ್ಲ, ಆದ್ರೂ ಬಾಯಿ ಬಿಡ್ಲಿಲ್ಲ."

"ಇಡೀ ಊರಿಗೆ ಗೊತ್ತಿತ್ತು," ಎಂದಳು ಅರ್ಗಿರೋ. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ನನಗೆ ಯಾರೂ ಹೇಳ್ಲಿಲ್ಲ."

ಎಲೆ ಆಡುತ್ತಿದ್ದವರಲ್ಲೊಬ್ಬ, ಹಳೆಯ ದೋಣಿಗಾರ, ಮೇಲೆ ನೋಡದೆ ಹೇಳಿದ: "ನಿನಗೆ ಹೇಳೋದಾ? ಒಲೆ ನಿಂದು, ಆಣೆ ನಿಂದು. ಹೇಳಿದ್ರೆ ಆ ಮಕ್ಕಳ ತುತ್ತೂ ಹೋಗ್ತಿತ್ತು."

ಒಲೆ ಅವಳದೇ ಆಗಿತ್ತು. ಆ ದ್ವೀಪದಲ್ಲಿ ತಾಯಿಯ ಮನೆ ಹಿರಿಯ ಮಗಳಿಗೆ ಸೇರುತ್ತದೆ. ಕಿರಿಯಳಿಗೆ ಅವಳ ಅದೃಷ್ಟ. ಬೇಕರಿ ಇದ್ದದ್ದು ತಾಯಿಯ ಮನೆಯಲ್ಲಿ. ಇಸಿದೋರೊಸ್ ಬಂದದ್ದು ಮನೆ ಅಳಿಯನಾಗಿ. ಸೆವಾಸ್ತಿ ಕಡಲಿನ ತಳದಿಂದ ಸ್ಪಂಜು ತೆಗೆಯುವ ನಿಕಿತಾಸನನ್ನು ಮದುವೆಯಾದಳು. ಕೆಲವೇ ವರ್ಷಗಳಲ್ಲಿ ಆಳದ ಒತ್ತಡಕ್ಕೆ ಸಿಕ್ಕಿ ಅವನ ಸೊಂಟದಿಂದ ಕೆಳಗೆ ಸತ್ತಿತು. ಮನುಷ್ಯ ಮಾತ್ರ ಹಾಸಿಗೆಯ ಮೇಲೆ ಬದುಕಿದ. ಮೂರು ಮಕ್ಕಳು. ತಾಯಿ ತೀರಿಕೊಂಡ ನಲವತ್ತನೆಯ ದಿನದ ಊಟದಲ್ಲಿ ಸೆವಾಸ್ತಿ ಎಲ್ಲರೆದುರಿಗೆ ಒಂದು ಕೋಣೆ ಕೇಳಿದಳು: 'ನನ್ನನ್ನೂ ಹೆತ್ತದ್ದು ಅವಳೇ ತಾನೇ?' ನೆರೆದವರ ಮುಂದೆ ತನ್ನನ್ನು ಕಳ್ಳಿಯಂತೆ ನಿಲ್ಲಿಸಿದಳೆಂದು ಅರ್ಗಿರೋ ಉರಿದುಹೋದಳು. ನಮ್ಮ ಮನೆಯ ಒಂದು ತುಣುಕೂ ಇವಳ ಬಾಯಿಗೆ ಹೋಗಬಾರದೆಂದು ಆಣೆಯಿಟ್ಟಳು, ಗಂಡನಿಂದಲೂ ಇಡಿಸಿದಳು. ಅವನು ಇಟ್ಟ. ಇಟ್ಟ ಆಣೆಯನ್ನು ಅಕ್ಷರಶಃ ಪಾಲಿಸಿದ. ತನ್ನ ತಟ್ಟೆಯನ್ನು ಮುಟ್ಟದೆ ಊರಿನ ತಟ್ಟೆಗಳಿಗೆ ಕೈ ಹಾಕಿದ.

ಯಾಕುಮಿಸ್ ಉಪ್ಪು ಹಾಕಿದ. ಎಲೆ ಆಡುವವರು ಒಬ್ಬೊಬ್ಬರಾಗಿ ಎದ್ದು ಬಂದು ಹಾಕಿದರು. ಹಳೆಯ ದೋಣಿಗಾರ ಹಾಕಿ, "ಇನ್ನು ಕೆಳಗಡೆ ಒಂದು ಬಾಗಿಲು," ಎಂದ. ಕೆಳಗೆ ಇನ್ನೂ ನಾಲ್ಕು ಬಾಗಿಲುಗಳಿದ್ದವು. ಯಾವುದೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನಡುವಿನ ಮೂರು ಅಂಗಡಿಗಳನ್ನು ಮುಗಿಸಿ ಅವಳು ಕೊನೆಯ ಮೆಟ್ಟಿಲು ಇಳಿಯುವ ಹೊತ್ತಿಗೆ ಸೂರ್ಯ ಭೂಶಿರದ ಗಾಳಿಗಿರಣಿಯ ಮಟ್ಟಕ್ಕೆ ಬಂದಿದ್ದ. ಒಂದು ಗಂಟೆ ಹೊತ್ತು ಉಳಿದಿತ್ತು. ಬಾಗಿಲಲ್ಲಿ ಸೆವಾಸ್ತಿಯ ಮಗಳು ಉಣ್ಣೆಯ ಉಂಡೆ ಸುತ್ತುತ್ತಿದ್ದವಳು, ದೊಡ್ಡಮ್ಮನನ್ನು ಕಂಡು ಎದ್ದು ನಿಂತು, ಹಿತ್ತಲಿಗೆ ಹೋದಳು.

"ಬಾ ಅಕ್ಕ," ಎಂದಳು ಸೆವಾಸ್ತಿ.

ಆ ದನಿಯಲ್ಲಿ ಹಗೆಯಿರಲಿಲ್ಲ. ಅರ್ಗಿರೋ ಹಗೆಗೆ ಸಿದ್ಧಳಾಗಿ ಬಂದಿದ್ದಳು, ಇದಕ್ಕೆ ಸಿದ್ಧಳಾಗಿರಲಿಲ್ಲ.

"ಕೂತ್ಕೊ. ಮಿಕೆಸ್‌ನ ಹೆಂಡ್ತಿ ಹೇಳಿದ್ಲು. ಕೇಳಿ ಕೈಕಾಲು ತಣ್ಣಗಾಯ್ತು ನಂಗೆ. ಭಾವನ ಹಾಗೆ ಇರೋ ಮನುಷ್ಯನ್ನ ಮಣ್ಣು ಯಾಕೆ ಬೇಡ ಅಂತು? ನಾನು ಉಪ್ಪು ಯಾತಕ್ಕೆ ಹಾಕ್ಲಿ ಹೇಳು. ಭಾವ ನನಗೆ ಮಾಡಿದ್ದು ಉಪಕಾರ. ನಿನ್ನ ಉಪಕಾರಾನೇ ತಂದು ಮುಟ್ಟಿಸಿದ್ರು."

"ನನ್ನ ಉಪಕಾರ?"

"ಇನ್ನೂ ನಾಟಕ ಯಾಕೆ ಅಕ್ಕ?" ಸೆವಾಸ್ತಿ ಸಣ್ಣಗೆ ನಕ್ಕಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು; ಇಪ್ಪತ್ತೊಂಬತ್ತು ವರ್ಷದಲ್ಲಿ ಅರ್ಗಿರೋ ಅದನ್ನು ಗಮನಿಸಿರಲಿಲ್ಲ. "ಮೊದಲನೇ ಭಾನುವಾರ ತಟ್ಟೆ ತೆಗೆದು ನೋಡಿದ್ರೆ ಐದು ತುಂಡು ಮಾಂಸ. ಬೇರೆಯವರ ತಟ್ಟೆ ಬಂದುಬಿಡ್ತು ಅಂತ ಓಡಿ ಬಂದೆ. ಭಾವ ಹೇಳಿದ್ರು, 'ನಿಮ್ಮಕ್ಕ ಕೊಟ್ಟದ್ದು. ಅವಳ ಹಟ ಗೊತ್ತಲ್ಲ, ಬಾಯಿ ಬಿಟ್ರೆ ನಿಲ್ಲಿಸ್ತಾಳೆ. ಸುಮ್ಮನೆ ತಿನ್ನಿ' ಅಂತ. ಸುಮ್ಮನೆ ತಿಂದ್ವಿ. ಚರ್ಚಿನ ಅಂಗಳದಲ್ಲಿ ನಾನು ತಲೆ ಬಗ್ಗಿಸ್ತಿದ್ದೆ, ನೀನು ಮುಖ ತಿರುಗಿಸ್ತಿದ್ದೆ. ಚೆನ್ನಾಗಿ ನಟಿಸ್ತಾಳೆ ನಮ್ಮಕ್ಕ, ಅನ್ಕೋತಿದ್ದೆ. ನಿನ್ನ ಆರೋಗ್ಯಕ್ಕೆ ಅಂತ ವಾರವಾರ ಒಂದು ಮೇಣದಬತ್ತಿ ಹಚ್ಚಿದೀನಿ. ಇವತ್ತಿಗೂ ಬಿಟ್ಟಿಲ್ಲ."

ಅರ್ಗಿರೋ ಕೈಯಲ್ಲಿದ್ದ ಬೋಗುಣಿಯನ್ನು ಕಟ್ಟೆಯ ಮೇಲಿಟ್ಟಳು.

ಬೆಳಗಿನಿಂದ ಅವಳಿಗೆ ಬಿದ್ದ ಪೆಟ್ಟುಗಳಲ್ಲಿ ಇದು ಬೇರೆ ಜಾತಿಯದು. ಗುಂಡಿಯಲ್ಲಿ ಕಂಡ ಕೈ ಅವಳನ್ನು ಹೆದರಿಸಿತ್ತು. ಕಳ್ಳನೆಂಬ ಮಾತು ನಾಚಿಸಿತ್ತು. ಇದು ಅವಳಿಗೆ ಏನನ್ನೋ ಕೊಡುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು: ತಂಗಿ ಸಿಗುತ್ತಾಳೆ, ಹನ್ನೆರಡು ವರ್ಷದ ಪುಣ್ಯ ಸಿಗುತ್ತದೆ, ಉಪ್ಪೂ ಬೀಳುತ್ತದೆ. ಆದರೆ ಇಡೀ ಬೀದಿಯಲ್ಲಿ ಉಪಕಾರವೆಂದು ನಂಬಿ ಮೋಸ ಹೋಗಿದ್ದವಳು ಈ ತಂಗಿಯೊಬ್ಬಳೇ. ಉಳಿದವರೆಲ್ಲರಿಗೂ ಏನು ಹೋಯಿತೆಂದು ಗೊತ್ತಿತ್ತು. ಇವಳಿಗೆ ಬಂದದ್ದು ಎಲ್ಲಿಂದೆಂದೇ ಗೊತ್ತಿರಲಿಲ್ಲ. ಗಂಡನ ತಪ್ಪು ಉಳಿದುಕೊಂಡದ್ದು ಇಲ್ಲಿಯೇ. ತಪ್ಪು ಬಾಯಲ್ಲಿ ಬರದಿದ್ದರೆ ಉಪ್ಪು ಬರೀ ಅಡುಗೆ ಉಪ್ಪು.

ಸೆವಾಸ್ತಿ ಆಗಲೇ ಬೆರಳ ತುದಿಯಲ್ಲಿ ಉಪ್ಪು ಹಿಡಿದು ಬಂದಿದ್ದಳು. "ಪದ್ಧತಿ ಅಂತ ಹಾಕ್ತೀನಿ, ಅಷ್ಟೆ."

"ತಡಿ," ಎಂದಳು ಅರ್ಗಿರೋ. "ನಾನು ಕಳಿಸ್ಲಿಲ್ಲ."

"ಏನು?"

"ಮಾಂಸ. ನಾನು ಕಳಿಸ್ಲಿಲ್ಲ. ಒಂದು ತುಂಡೂ ಇಲ್ಲ. ನಿನಗೆ ಏನೂ ಕೊಡಕೂಡದು ಅಂತ ಅವರ ಕೈಲಿ ಆಣೆ ಇಡಿಸಿದ್ದೆ. ಅವರು ಬೇರೆಯವರ ತಟ್ಟೆಗಳಿಂದ ಕದ್ದು ನಿನ್ನ ತಟ್ಟೇಗೆ ಹಾಕಿದ್ರು. ನಿನಗೆ ಸುಳ್ಳು ಹೇಳಿದ್ರು. ನಂಗೆ ಇವತ್ತು ಮಧ್ಯಾಹ್ನ ತಿಳೀತು."

ಸೆವಾಸ್ತಿಯ ಬೆರಳುಗಳು ಉಪ್ಪನ್ನು ಹಿಡಿದೇ ಇದ್ದವು.

"ಯಾರ ತಟ್ಟೆ?"

"ಯಾಕುಮಿಸ್‌ದು. ಸಾವಾಸ್‌ದು. ಇನ್ನೆರಡು ಮನೇದು. ಪೆಲಾಗಿಯಾದು."

"ಪೆಲಾಗಿಯಾದು!" ಸೆವಾಸ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅವಳ ಮಕ್ಕಳು ಬರಿಗಾಲಲ್ಲಿ ಓಡಾಡ್ತಿದ್ವು. ಅವಳ ಬಾಯಿಂದ ಕಿತ್ತು... ದಿನಾ ಅವಳ ಅಂಗಡಿ ಮುಂದೆ ಹಾದುಹೋಗಿದೀನಿ ನಾನು. ಒಂದ್ಸಲ ಹೇಳಿದಾಳಾ?" ಅವಳು ಉಸಿರೆಳೆದುಕೊಂಡಳು. "ನನ್ನ ಗಂಡ ಸಾಯೋವಾಗ ಏನಂದ ಗೊತ್ತಾ? 'ನಿಮ್ಮಕ್ಕನ ಋಣ ಮರೀಬೇಡ' ಅಂದ. ಮಕ್ಕಳಿಗೆ ಪ್ರತಿ ತುತ್ತಿಗೂ ನಿನ್ನ ಹೆಸರು ಹೇಳಿ ತಿನ್ನಿಸಿದೀನಿ. ನಿನ್ನ ಹೆಸರು!"

ಈ ಸಲ ತಲೆ ಬಗ್ಗಿಸಿದ್ದು ಅರ್ಗಿರೋ.

ಸೆವಾಸ್ತಿ ಬೋಗುಣಿಯ ಬಳಿಗೆ ಬಂದಳು. "ಸುಳ್ಳು ಹೇಳಿದ್ರು, ಭಾವ. ಕದ್ದ ಕೂಳು ತಿನ್ನಿಸಿದ್ರು," ಎಂದು ಒಂದೊಂದೇ ಮಾತನ್ನು ಎಣಿಸಿಡುವವಳಂತೆ ಹೇಳಿದಳು. "ಆದ್ರೆ ತಿನ್ನಿಸಿದ್ರು. ಈ ಉಪ್ಪು ಕರಗಿದ ಹಾಗೆ ನನ್ನ ಮಾತೂ ಕರಗಲಿ." ಬೆರಳು ಬಿಚ್ಚಿದಳು.

"ನನಗೆ?" ಎಂದಳು ಅರ್ಗಿರೋ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಿದ್ದುಹೋಯಿತು.

ಸೆವಾಸ್ತಿ ಅವಳನ್ನು ನೇರವಾಗಿ ನೋಡಿದಳು. "ನೀನಿನ್ನೂ ಬದುಕಿದೀಯ," ಎಂದಳು. ಕರಿಯ ಶಾಲು ತಲೆಗೆ ಸುತ್ತಿಕೊಂಡು, "ನಡಿ. ಹೊತ್ತು ಮುಳುಗುತ್ತೆ," ಎಂದು ಮುಂದೆ ಹೊರಟಳು.

ಹತ್ತು ಮೆಟ್ಟಿಲು ಅಂತರದಲ್ಲಿ ಅಕ್ಕತಂಗಿಯರು ಬೀದಿ ಹತ್ತಿದರು. ಅಂಗಡಿಗಳಿಂದ ಜನ ಹೊರಬಂದು ಹಿಂದೆ ಸೇರಿಕೊಂಡರು. ಗಿಣ್ಣಿನ ಅಂಗಡಿಯ ಮುಂದೆ ಸೆವಾಸ್ತಿ ನಿಂತಳು. ಪೆಲಾಗಿಯಾಳ ಒದ್ದೆ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡಳು. "ಬಿಡೇ, ಬಿಡೇ, ಕೈಯೆಲ್ಲಾ ಮಜ್ಜಿಗೆ," ಎಂದಳು ಮುದುಕಿ. ಆದರೆ ಕೈಯನ್ನು ಎಳೆದುಕೊಳ್ಳಲಿಲ್ಲ.

ಗೋರಿಯ ಬಳಿ ಪಾದ್ರಿ ಪ್ರಾರ್ಥನೆ ಓದಿದರು. ಮಿಕೆಸ್ ಬಿಳಿಯ ಬಟ್ಟೆಯನ್ನು ಹೊದಿಸಿದ್ದ, ಕೈ ಕಾಣುತ್ತಿರಲಿಲ್ಲ. ಅರ್ಗಿರೋ ನೀರು ಸುರಿದಳು. 'ದೇವರು ಅವನನ್ನು ಕ್ಷಮಿಸಲಿ' ಎಂದು ಎಲ್ಲರೂ ಹೇಳಿದರು. ಸೆವಾಸ್ತಿಯ ದನಿ ಆ ಗುಂಪಿನಲ್ಲಿ ಬೇರೆಯಾಗಿ ಕೇಳಿಸಿತು, ಒಡೆದಿತ್ತು, ಆದರೆ ತಡವರಿಸಲಿಲ್ಲ. ಕೊನೆಯಲ್ಲಿ ಹೆಂಡತಿ ಹೇಳಬೇಕು. ತಾನು ಇಡಿಸಿದ ಆಣೆಯ ದೆಸೆಯಿಂದ ಕಳ್ಳನೂ ಸುಳ್ಳನೂ ಆದವನಿಗೆ ತಾನು ಯಾವ ಬಾಯಿಂದ ಕ್ಷಮೆ ಕೇಳುವುದೆಂದು ಅರ್ಗಿರೋಗೆ ತಿಳಿಯಲಿಲ್ಲ. "ನನ್ನನ್ನೂ," ಎಂದಷ್ಟೇ ಹೇಳಿದಳು. ಪಾದ್ರಿ ತಿದ್ದಲಿಲ್ಲ.

"ಮತ್ತೆ ಯಾವಾಗ ತೆಗೆಯೋದು?" ಎಂದು ಮಿಕೆಸ್ ಮೆಲ್ಲನೆ ಕೇಳಿದ.

"ಮೂರು ವರ್ಷ," ಎಂದರು ಪಾದ್ರಿ.

ಜನ ಚದುರಿದರು. ಸ್ಮಶಾನದ ಗೇಟಿನಿಂದ ಎರಡು ದಾರಿಗಳು: ಬೇಕರಿಗೆ ಮೇಲಿನದು, ಬಂದರಿಗೆ ಕೆಳಗಿನದು. ಸೆವಾಸ್ತಿ ಕೆಳಗಿನದನ್ನು ಹಿಡಿದು ಆಗಲೇ ಅಂಜೂರದ ಮರವನ್ನು ದಾಟಿದ್ದಳು. ಯಾರೂ ಕರೆಯದಿದ್ದರೂ ಅರ್ಗಿರೋ ಅದೇ ದಾರಿಯಲ್ಲಿ ಇಳಿಯತೊಡಗಿದಳು. ಹಿಂದಿನ ಹೆಜ್ಜೆ ಸದ್ದು ಯಾರದೆಂದು ಸೆವಾಸ್ತಿಗೆ ತಿಳಿದಿರಬೇಕು. ಅವಳು ತಿರುಗಿ ನೋಡಲಿಲ್ಲ. ತನ್ನ ನಡಿಗೆಯನ್ನು ಚುರುಕು ಮಾಡಲೂ ಇಲ್ಲ.